ರೋಮಿನ ಪೀಠವು ಕಾಲವನ್ನು ಎದುರುಗೊಂಡ ಬಗೆ

ಸಹಸ್ರ ವರ್ಷಗಳಿಗೂ ಮೀರಿ ಇಟಲಿಯ ನಡುನಾಡನ್ನು ಆಳಿದ ಪೋಪರ ಐಹಿಕ ಪ್ರಭುತ್ವವು 1870ರ ಸೆಪ್ಟೆಂಬರ್ 20ರಂದು, ಪೋರ್ಟಾ ಪಿಯಾದ ಬಳಿ ರೋಮಿನ ಕೋಟೆಗೋಡೆ ಬಿರಿದಾಗ, ಅಸ್ತಮಿಸಿತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಮೊದಲನೆಯ ವ್ಯಾಟಿಕನ್ ಮಹಾಸಭೆ ಪೋಪರ ಬೋಧನಾಧಿಕಾರವನ್ನು ಪ್ರಮಾದಾತೀತವೆಂದು ಸಾರಿತ್ತು. ಪಾರಮಾರ್ಥಿಕ ಅಧಿಕಾರ ಶಿಖರವೇರಿದ ವರ್ಷವೇ ಭೂಮಿಯ ಅಧಿಕಾರ ಕೈಜಾರಿದ್ದು ವಿಧಿಯ ವಿಚಿತ್ರ ನಿಯಮನ. ಆಗಿನ ಪೋಪ್ ಒಂಬತ್ತನೆಯ ಪಿಯುಸ್ ತಮ್ಮನ್ನು ಸೆರೆಯಾಳೆಂದು ಕರೆದುಕೊಂಡರು. ಇಟಲಿಯೊಂದಿಗಿನ 1929ರ ಲ್ಯಾಟರನ್ ಒಪ್ಪಂದದವರೆಗೂ ಆ ಸ್ವಯಂಬಂಧನ ಮುಂದುವರಿಯಿತು. ಹೊರಗೆ ಎರಡು ಮಹಾಯುದ್ಧಗಳು ಹೊತ್ತಿ ಉರಿದವು, ಸಾಮ್ರಾಜ್ಯಗಳು ಉರುಳಿದವು, ಕ್ರೈಸ್ತನಾಡೆನಿಸಿಕೊಂಡ ಯೂರೋಪಿನ ನೆಲದಲ್ಲೇ ಯೆಹೂದ್ಯರ ಸಂಹಾರ ನಡೆಯಿತು. ಧರ್ಮಸಭೆಯ ಬಾಗಿಲನ್ನು ಇನ್ನು ಮುಚ್ಚಿಡುವಂತಿರಲಿಲ್ಲ.

1958ರ ಅಕ್ಟೋಬರಿನಲ್ಲಿ ಬೆರ್ಗಾಮೊ ಸೀಮೆಯ ರೈತನ ಮಗ ಆಂಜೆಲೊ ರೊಂಕಾಲ್ಲಿ, ಇಪ್ಪತ್ಮೂರನೆಯ ಜಾನ್ ಎಂಬ ಹೆಸರಿನಲ್ಲಿ ಪೀಠವನ್ನೇರಿದರು. ಆಗ ಅವರಿಗೆ 76 ವರ್ಷ ವಯಸ್ಸು. ಅಲ್ಪಕಾಲ ಪೀಠ ಕಾಯ್ದು ಹೋಗುವ ವೃದ್ಧರೆಂದೇ ಹಲವರು ಬಗೆದರು. ಆದರೆ ಸೋಫಿಯಾದಲ್ಲಿ, ಇಸ್ತಾಂಬುಲ್‌ನಲ್ಲಿ ಅನ್ಯಮತೀಯರ ನಡುವೆ ವರ್ಷಗಟ್ಟಲೆ ಬಾಳಿದ ಆ ಹಿರಿಯರು ಮೂರು ತಿಂಗಳು ತುಂಬುವ ಮೊದಲೇ ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಘೋಷಿಸಿದರು.

1962ರ ಅಕ್ಟೋಬರ್ 11ರಂದು ಎರಡು ಸಾವಿರಕ್ಕೂ ಮಿಕ್ಕಿದ ಧರ್ಮಾಧ್ಯಕ್ಷರು ಸಂತ ಪೇತ್ರರ ಮಹಾದೇವಾಲಯದಲ್ಲಿ ನೆರೆದರು. ರೋಮಿನ ಆಡಳಿತವರ್ಗವು ಕರಡುಗಳನ್ನು ಸಿದ್ಧಪಡಿಸಿಟ್ಟು ಸಮ್ಮತಿಯನ್ನಷ್ಟೇ ನಿರೀಕ್ಷಿಸಿತ್ತು. ಅಕ್ಟೋಬರ್ 13ರಂದು ಫ್ರಾನ್ಸಿನ ಕಾರ್ಡಿನಲ್ ಲಿಯೆನಾರ್ ಎದ್ದುನಿಂತು, ಸಮಿತಿಗಳ ಚುನಾವಣೆಯನ್ನು ಮುಂದೂಡಬೇಕೆಂದು ಕೇಳಿದರು. ಅಂದೇ ಸಭೆಗೆ ತನ್ನ ಬಲದ ಅರಿವಾಯಿತು. ನವೆಂಬರ್ 20ರಂದು ದೈವಪ್ರಕಟಣೆಯ ಕರಡಿನ ಚರ್ಚೆ ನಿಲ್ಲಿಸಲು 1,368 ಮತ, ಮುಂದುವರಿಸಲು 822 ಮತ ಬಿದ್ದವು. ಮೂರನೇ ಎರಡರಷ್ಟು ಬಹುಮತ ಒದಗದ ಕಾರಣ ನಿಯಮದಂತೆ ಆ ಕರಡಿನ ಚರ್ಚೆಯೇ ಮುಂದುವರಿಯಬೇಕಿತ್ತು. ಆದರೆ ಮರುದಿನ ಜಾನ್ ಅದನ್ನು ಹಿಂತೆಗೆದು ಹೊಸ ಸಮಿತಿಗೆ ಒಪ್ಪಿಸಿದರು. 1870ರಲ್ಲಿ ಕೊಂಡಾಡಿದ ಪರಮಾಧಿಕಾರವನ್ನು ಸಭೆಯ ದನಿಗೆ ತಲೆಬಾಗಲು ಬಳಸಿದ ಆ ಒಂದು ದಿನವನ್ನೇ ನಾನು ಈ ಇತಿಹಾಸದ ಮಹಾಪರ್ವವೆಂದು ಎಣಿಸುತ್ತೇನೆ.

1963ರ ಜೂನ್ 3ರಂದು ಜಾನ್ ಕಣ್ಮುಚ್ಚಿದರೂ ಅವರ ಉತ್ತರಾಧಿಕಾರಿ ಆರನೆಯ ಪೌಲರು ಕಾರ್ಯವನ್ನು ಕೈಬಿಡಲಿಲ್ಲ. ಆ ಡಿಸೆಂಬರಿನಲ್ಲಿ 2,147 ಮತಗಳಿಂದ, ಕೇವಲ ನಾಲ್ವರ ವಿರೋಧದೊಡನೆ, ಆರಾಧನೆಯ ಸುಧಾರಣೆ ಅಂಗೀಕೃತವಾಯಿತು. ಕ್ರಿಸ್ತನ ಮರಣದ ದೋಷವನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸಲಾಗದೆಂದು 1965ರ ಅಕ್ಟೋಬರಿನಲ್ಲಿ ಸಭೆ ನುಡಿಯಿತು. ಹಿಂದೂ, ಬೌದ್ಧ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಾನು ತಿರಸ್ಕರಿಸುವುದಿಲ್ಲವೆಂದಿತು. ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯವನ್ನು ಮಾನವನ ಹಕ್ಕೆಂದು ಮನ್ನಿಸಿತು. ಅದೇ ದಿನ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳು 1054ರ ಪರಸ್ಪರ ಬಹಿಷ್ಕಾರವನ್ನು ಅಳಿಸಿಹಾಕಿದವು.

ಎಲ್ಲರೂ ಒಪ್ಪಲಿಲ್ಲ. ಹಳೆಯ ಲ್ಯಾಟಿನ್ ಆರಾಧನೆಯನ್ನು ಎತ್ತಿಹಿಡಿದ ಧರ್ಮಾಧ್ಯಕ್ಷ ಲೆಫೆವ್ರ್ 1988ರಲ್ಲಿ ಬಹಿಷ್ಕಾರಕ್ಕೊಳಗಾದರು. ಆ ಗಾಯ ಇನ್ನೂ ಮಾಗಿಲ್ಲ.

ನಮ್ಮ ನಾಡಿನ ಕಥೋಲಿಕ ದೇವಾಲಯಗಳಲ್ಲಿ ಗುರುಗಳು ಜನರತ್ತ ಮುಖಮಾಡಿ ಕನ್ನಡದಲ್ಲಿ, ಕೊಂಕಣಿಯಲ್ಲಿ ಬಲಿಪೂಜೆ ಅರ್ಪಿಸುವುದು ಆ ಮಹಾಸಭೆಯಿಂದ ಬಂದ ಬಳುವಳಿ. ಅದನ್ನು ಪಡೆದವರು ಸಭೆ ಉಳಿಸಿಹೋದ 16 ದಾಖಲೆಗಳನ್ನು ಸ್ವತಃ ಓದಬೇಕು. ಓದಿ, ಜಾನ್ ಆರಂಭಿಸಿದ ಕೆಲಸದಲ್ಲಿ ನಮ್ಮ ಪಾಲು ಎಷ್ಟು ಉಳಿದಿದೆಯೆಂದು ಕೇಳಿಕೊಳ್ಳಬೇಕು.