ಸ್ಮಶಾನ ಹಾಗೂ ಶವಸಂಸ್ಕಾರ ಸೇವೆಯಲ್ಲಿ ಉದ್ಯೋಗ: ಅರ್ಜಿದಾರರಿಗೆ ಮಾಹಿತಿ

ಮೃತದೇಹದ ಸಾಗಾಣಿಕೆ, ದಹನ, ದಫನ ಹಾಗೂ ಅವುಗಳ ದಾಖಲೆಯ ನಿರ್ವಹಣೆಯು ಸಾರ್ವಜನಿಕ ಸೇವೆಯಾಗಿರುತ್ತದೆ. ಸಂವಿಧಾನದ ಹನ್ನೆರಡನೆಯ ಅನುಸೂಚಿಯ 14ನೇ ನಮೂದಿನಲ್ಲಿ ಸ್ಮಶಾನ, ರುದ್ರಭೂಮಿ ಹಾಗೂ ವಿದ್ಯುತ್ ಚಿತಾಗಾರಗಳನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯವಾಗಿ ಸೇರಿಸಲಾಗಿದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಭಾಗದಲ್ಲಿ ಈ ಕಾರ್ಯವು ದಾಂಡೇಲಿಯಲ್ಲಿ ನಗರಸಭೆಗೆ, ಹಳಿಯಾಳದಲ್ಲಿ ಪುರಸಭೆಗೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯಿತಿಗೆ, ಜೋಯಿಡಾ ಹಾಗೂ ಇಂದೂರದಂತಹ ಕಡೆಗಳಲ್ಲಿ ಗ್ರಾಮ ಪಂಚಾಯಿತಿಗೆ ಸಂಬಂಧಿಸಿರುತ್ತದೆ. ಶವಪೆಟ್ಟಿಗೆ, ಶೀತಲ ಪೆಟ್ಟಿಗೆ ಹಾಗೂ ಶವವಾಹನ ಒದಗಿಸುವ ಖಾಸಗಿ ಸಂಸ್ಥೆಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಇರುತ್ತವೆ. ಹಳ್ಳಿಗಳಲ್ಲಿ ಬಹುಪಾಲು ಕೆಲಸವನ್ನು ಬಂಧುಗಳೂ ನೆರೆಯವರೂ ನಿರ್ವಹಿಸುವುದು ಇಂದಿಗೂ ರೂಢಿಯಲ್ಲಿದೆ.

ದಾಖಲೆಗಳ ಪರಿಶೀಲನೆ

ಈ ಉದ್ಯೋಗಕ್ಕೆ ದೇಹಬಲ ಒಂದಿದ್ದರೆ ಸಾಕು ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಸರಿಯಲ್ಲ. ಚಿತೆಗೆ ಬೆಂಕಿ ತಾಗಿದ ನಂತರ ಯಾವ ತಪ್ಪನ್ನೂ ತಿದ್ದಲು ಬರುವುದಿಲ್ಲವಾದ್ದರಿಂದ, ಓದಲು, ಬರೆಯಲು ಹಾಗೂ ಅಗತ್ಯವಿದ್ದಲ್ಲಿ ‘ಈಗ ಆಗುವುದಿಲ್ಲ’ ಎಂದು ಸೌಜನ್ಯದಿಂದ ಹೇಳಲು ಶಕ್ತನಾದ ವ್ಯಕ್ತಿಯೇ ಈ ಸ್ಥಾನಕ್ಕೆ ತಕ್ಕವನು.

ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ 10ನೇ ಪ್ರಕರಣದ ಮೇರೆಗೆ ಸ್ಮಶಾನದ ಮೇಲ್ವಿಚಾರಕನು ಅಥವಾ ಮಾಲೀಕನು ಮರಣದ ವಿಷಯವನ್ನು ನೋಂದಣಾಧಿಕಾರಿಗೆ ತಿಳಿಸಲು ಬದ್ಧನಾಗಿರುತ್ತಾನೆ. ಆಸ್ಪತ್ರೆಯಲ್ಲಿ ಸಂಭವಿಸಿದ ಮರಣಕ್ಕೆ ನಮೂನೆ 4ರಲ್ಲಿ, ಮನೆಯಲ್ಲಿ ವೈದ್ಯರ ಚಿಕಿತ್ಸೆಯಲ್ಲಿದ್ದಾಗ ಸಂಭವಿಸಿದ ಮರಣಕ್ಕೆ ನಮೂನೆ 4ಎ ರಲ್ಲಿ ಮರಣದ ಕಾರಣವನ್ನು ವೈದ್ಯರು ದೃಢೀಕರಿಸುತ್ತಾರೆ. ಮೃತರ ಹೆಸರು, ವಯಸ್ಸು, ವಿಳಾಸ, ಮರಣದ ವೇಳೆ, ದೇಹವನ್ನು ತಂದವರ ಹೆಸರು ಹಾಗೂ ಸಹಿಯನ್ನು ಸ್ಮಶಾನದ ವಹಿಯಲ್ಲಿ ಅಂದೇ ಬರೆಯತಕ್ಕದ್ದು. ಹೆಸರನ್ನು ಬಾಯಿಮಾತಿನಲ್ಲಿ ಕೇಳಿ ಬರೆಯುವುದಕ್ಕಿಂತ ಗುರುತಿನ ಚೀಟಿ ನೋಡಿ ಬರೆಯುವುದು ಲೇಸು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕಾಗಿದ್ದು, ವಿಧವಾ ವೇತನ, ವಿಮೆ ಹಾಗೂ ಪೌತಿ ಖಾತೆ ಬದಲಾವಣೆಗೆ ಮರಣ ಪ್ರಮಾಣಪತ್ರವೇ ಆಧಾರ. ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಕುಟುಂಬವು ತಿಂಗಳುಗಟ್ಟಲೆ ಕಚೇರಿಗೆ ಅಲೆಯಬೇಕಾದೀತು.

ನೀರಿನಲ್ಲಿ ಮುಳುಗಿದ, ನೇಣು ಬಿಗಿದ, ವಿಷ ಸೇವಿಸಿದ, ಹಾವು ಕಚ್ಚಿದ, ರಸ್ತೆ ಅಪಘಾತಕ್ಕೀಡಾದ ಅಥವಾ ಕಾಡುಪ್ರಾಣಿಯ ದಾಳಿಯಿಂದ ಮೃತಪಟ್ಟವರ ದೇಹವನ್ನು ಪೊಲೀಸರ ಪಂಚನಾಮೆ ಆಗದೆ ಸ್ವೀಕರಿಸಬಾರದು. ಇಂತಹ ಸಾವಿನ ವಿಚಾರಣೆಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಪ್ರಕರಣದಂತೆ ನಡೆಯುತ್ತದೆ. ಕಾಳಿ ನದಿಯ ದಡ ಹಾಗೂ ಅರಣ್ಯದ ಅಂಚಿನಲ್ಲಿರುವ ಈ ತಾಲ್ಲೂಕುಗಳಲ್ಲಿ ಇದು ಬರಿಯ ಕಾನೂನಿನ ಮಾತಲ್ಲ. ಕಾಡುಪ್ರಾಣಿ ದಾಳಿಯ ಪರಿಹಾರ ಕೋರುವಾಗ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ. ಅವಸರದಲ್ಲಿ ದಹನ ಮಾಡಿಬಿಟ್ಟ ಕುಟುಂಬಕ್ಕೆ ಆ ವರದಿಯು ಮತ್ತೆಂದೂ ದೊರೆಯದು.

ಚಿತಾಭಸ್ಮಕ್ಕೂ ಗುರುತು ಅವಶ್ಯ. 2021ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರಿನ ಚಿತಾಗಾರಗಳು ಹಗಲಿರುಳು ನಡೆದವು. ಯಾರೂ ಒಯ್ಯದೆ ಉಳಿದ ಐದುನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಅದೇ ವರ್ಷ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಪ್ರತಿ ಕುಡಿಕೆಯ ಮೇಲೂ ಹೆಸರು, ದಿನಾಂಕ ಹಾಗೂ ವಹಿಯ ಕ್ರಮಸಂಖ್ಯೆ ಇರತಕ್ಕದ್ದು.

ಕೆಲಸದ ಸ್ವರೂಪ ಮತ್ತು ಸುರಕ್ಷತೆ

ಕಟ್ಟಿಗೆಯ ಚಿತೆಗೆ ಸುಮಾರು 300ರಿಂದ 400 ಕಿಲೋ ಸೌದೆ ಬೇಕಾಗುತ್ತದೆ. ಜೋಯಿಡಾದಂತಹ ಅತಿ ಮಳೆಯ ಪ್ರದೇಶದಲ್ಲಿ ಮಳೆಗಾಲಕ್ಕೆ ಮುನ್ನವೇ ಒಣ ಸೌದೆಯನ್ನು ಮಾಡಿನಡಿ ಕೂಡಿಡುವುದು ಕಾರ್ಮಿಕನ ಹೊಣೆಯಾಗುತ್ತದೆ. ಹಸಿ ಕಟ್ಟಿಗೆಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಸುರಿಯುವುದರಿಂದ ಸುಟ್ಟ ಗಾಯಗಳಾಗುವ ಅಪಾಯವಿದ್ದು, ಬಂಧುಗಳು ಒತ್ತಾಯಿಸಿದರೂ ಇದಕ್ಕೆ ಅವಕಾಶ ನೀಡಬಾರದು. ಮೃತರ ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಲಾಗಿತ್ತೇ ಎಂದು ದಹನಕ್ಕೆ ಮುಂಚೆ ವಿಚಾರಿಸುವುದು ಅತ್ಯಗತ್ಯ. ಅದರ ಬ್ಯಾಟರಿಯು ಬೆಂಕಿಯಲ್ಲಿ ಸಿಡಿಯುತ್ತದೆ.

ಮೃತದೇಹವೆಂದರೆ ರೋಗದ ಮೂಲವೆಂಬ ಭಯ ಅನಾವಶ್ಯಕ. ಆದರೆ ರಕ್ತ ಹಾಗೂ ದೇಹದ್ರವಗಳ ಮೂಲಕ ಹೆಪಟೈಟಿಸ್ ಬಿ ಮುಂತಾದವು ತಗಲುವ ಸಾಧ್ಯತೆ ಇರುವುದರಿಂದ ಕೈಗವಸು, ಮುಖಗವಸು, ಗಮ್‌ಬೂಟು ಹಾಗೂ ಹೆಪಟೈಟಿಸ್ ಬಿ ಲಸಿಕೆ ಇಲ್ಲದೆ ಕೆಲಸಕ್ಕೆ ಇಳಿಯುವುದು ಯುಕ್ತವಲ್ಲ. ದೇಹ ಕೆಡದಂತೆ ಫಾರ್ಮಲಿನ್ ತುಂಬುವ ಕೆಲಸವು ಇದರಿಂದ ಬೇರೆಯದು. ಅದನ್ನು ಸಾಮಾನ್ಯವಾಗಿ ವೈದ್ಯಕೀಯ ಕಾಲೇಜುಗಳ ಅಂಗರಚನಾಶಾಸ್ತ್ರ ವಿಭಾಗದಲ್ಲಿ ತರಬೇತಿ ಪಡೆದವರು ಮಾಡುತ್ತಾರೆ. ಫಾರ್ಮಲಿನ್ ಕ್ಯಾನ್ಸರ್‌ಕಾರಕವಾದುದರಿಂದ ಸ್ಮಶಾನ ಸಿಬ್ಬಂದಿಯು ಅದನ್ನು ಮುಟ್ಟತಕ್ಕದ್ದಲ್ಲ.

ಕುಟುಂಬದೊಡನೆ ನಡವಳಿಕೆ

ವೀರಶೈವ ಲಿಂಗಾಯತರಲ್ಲಿ ದೇಹವನ್ನು ಕುಳ್ಳಿರಿಸಿ ಸಮಾಧಿ ಮಾಡುವುದರಿಂದ ಗುಂಡಿಯ ಅಳತೆ ಬೇರೆಯಾಗುತ್ತದೆ. ಮುಸಲ್ಮಾನರಲ್ಲಿ ಮುಖವು ಕಿಬ್ಲಾದ ಕಡೆಗೆ ಇರಬೇಕು. ಹಳಿಯಾಳ ಮತ್ತು ಮುಂಡಗೋಡ ಭಾಗದ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಈ ಮೂರೂ ಮತದವರಿದ್ದಾರೆ. ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸತಿಯೂ ಇದೆ. ಆದುದರಿಂದ ಹೆಸರು ಅಥವಾ ರೂಪವನ್ನು ನೋಡಿ ವಿಧಿಯನ್ನು ಊಹಿಸದೆ ಮನೆಯ ಹಿರಿಯರನ್ನು ಕೇಳಿಯೇ ಮುಂದುವರಿಯತಕ್ಕದ್ದು. ದುಃಖದಲ್ಲಿರುವವರು ಕಟುವಾಗಿ ಮಾತನಾಡಿದರೂ ಪ್ರತ್ಯುತ್ತರ ನೀಡಬಾರದು. ನಿಗದಿತ ಶುಲ್ಕಕ್ಕಿಂತ ಹೆಚ್ಚು ಕೇಳುವುದು ಅಪರಾಧವಾಗುತ್ತದೆ. ಮೃತದೇಹಕ್ಕೆ ಅಪಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಪ್ರಕರಣದಡಿ ಶಿಕ್ಷಾರ್ಹ.

ಯಾರು ಅರ್ಜಿ ಸಲ್ಲಿಸಬಹುದು

ಈ ಕೆಲಸಕ್ಕೆ ಜಾತಿಯ ನಿರ್ಬಂಧವಾಗಲಿ, ಜಾತಿಯ ಕಡ್ಡಾಯವಾಗಲಿ ಇಲ್ಲ. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ಕರ್ನಾಟಕದಲ್ಲಿ 1961ರ ಅಧಿನಿಯಮದ ಮೂಲಕ ರದ್ದುಪಡಿಸಲಾಯಿತು. ಆದರೂ ‘ಗುಂಡಿ ತೋಡುವುದು ನಿಮ್ಮ ಕೇರಿಯವರ ಕೆಲಸ’ ಎಂದು ಹೇಳಿಕಳುಹಿಸುವ ರೂಢಿ ಕೆಲವೆಡೆ ಉಳಿದಿದೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಂದ ಹೀಗೆ ಗುಂಡಿ ತೋಡಿಸುವುದು, ಶವ ಸಾಗಿಸುವಂತೆ ಮಾಡುವುದು 1989ರ ದೌರ್ಜನ್ಯ ಪ್ರತಿಬಂಧ ಅಧಿನಿಯಮದ ತಿದ್ದುಪಡಿಯ ಮೇರೆಗೆ 2016ರ ಜನವರಿ 26ರಿಂದ ಅಪರಾಧವಾಗಿರುತ್ತದೆ. ತೊಂದರೆಗೊಳಗಾದವರು ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ ದೂರು ನೀಡಬಹುದು.

18 ವರ್ಷ ತುಂಬಿದ, ಕನ್ನಡ ಓದಿ ಬರೆಯಬಲ್ಲ ಸ್ತ್ರೀಪುರುಷರು ತಮ್ಮ ನಗರ ಸ್ಥಳೀಯ ಸಂಸ್ಥೆಯ ಆರೋಗ್ಯ ಶಾಖೆಯಲ್ಲಿ ವಿಚಾರಿಸಬಹುದು. ನೇಮಕವು ಹೊರಗುತ್ತಿಗೆಯ ಮೂಲಕವಾದಲ್ಲಿ ಕನಿಷ್ಠ ವೇತನ, ಭವಿಷ್ಯ ನಿಧಿ ಹಾಗೂ ಇ.ಎಸ್.ಐ. ಸೌಲಭ್ಯದ ವಿವರವನ್ನು ಒಪ್ಪಂದಕ್ಕೆ ಸಹಿ ಮಾಡುವ ಮೊದಲೇ ಲಿಖಿತವಾಗಿ ಪಡೆದುಕೊಳ್ಳುವುದು. ಗ್ರಾಮ ಪಂಚಾಯಿತಿಗಳಲ್ಲಿ ಬಿಲ್ ಕಲೆಕ್ಟರ್, ವಾಟರ್‌ಮನ್ ಮುಂತಾದ ಹುದ್ದೆಗಳಿದ್ದರೂ ಸ್ಮಶಾನಕ್ಕೆಂದೇ ಪ್ರತ್ಯೇಕ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಆಯಾ ಸಂದರ್ಭಕ್ಕೆ ಕೂಲಿಯ ಮೇಲೆ ಕೆಲಸ ಮಾಡುವವರು ಕೂಲಿಯ ದರವನ್ನು ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರಿಂದ ಮೊದಲೇ ತಿಳಿದುಕೊಂಡು, ಹಣ ಪಡೆದಾಗ ರಶೀದಿಗೆ ಸಹಿ ಮಾಡತಕ್ಕದ್ದು.