ನಗರ ಸನ್ನದು ಪರಿಶೀಲನಾ ಆಯೋಗ

ಅಮೆರಿಕ ಸಂಯುಕ್ತ ಸಂಸ್ಥಾನದ ನಗರಗಳು ತಮ್ಮ ಆಡಳಿತದ ಮೂಲ ಕಟ್ಟಳೆಯನ್ನು ಹೊಸದಾಗಿ ಬರೆಯಲು ಅಥವಾ ತಿದ್ದಲು ನಾಗರಿಕರನ್ನು ಸೇರಿಸಿ ರಚಿಸುವ ಮಂಡಳಿ. ಮೇಯರ್‌ಗೆ ಎಷ್ಟು ಅಧಿಕಾರ, ನಗರ ಪರಿಷತ್ತಿಗೆ ಎಷ್ಟು ಸದಸ್ಯರು, ಅವರು ವಾರ್ಡುಗಳಿಂದ ಆರಿಸಿ ಬರಬೇಕೋ ಇಡೀ ಊರಿನ ಮತದಿಂದಲೋ, ಆಯವ್ಯಯಕ್ಕೆ ಯಾರ ಒಪ್ಪಿಗೆ ಬೇಕು ಎಂಬುದನ್ನೆಲ್ಲ ನಿರ್ಧರಿಸುವ ಈ ಕಟ್ಟಳೆಗೆ ಸನ್ನದು ಎಂದು ಹೆಸರು. ಕರ್ನಾಟಕದಲ್ಲಿ ಇಂಥ ಸಂಗತಿಗಳು 1964ರ ಪೌರಸಭೆಗಳ ಅಧಿನಿಯಮ, 1976ರ ನಗರಪಾಲಿಕೆಗಳ ಅಧಿನಿಯಮಗಳಂಥ ರಾಜ್ಯ ಕಾಯ್ದೆಗಳಲ್ಲಿವೆ. ಅವನ್ನು ತಿದ್ದುವುದು ವಿಧಾನಮಂಡಲದ ಕೆಲಸ. ಅಮೆರಿಕದ ಬಹುಪಾಲು ದೊಡ್ಡ ನಗರಗಳಲ್ಲಿ ಕರಡನ್ನು ಊರಿನವರೇ ಬರೆಯುತ್ತಾರೆ, ಊರಿನವರೇ ಮತ ಹಾಕಿ ಒಪ್ಪುತ್ತಾರೆ ಅಥವಾ ತಳ್ಳಿಹಾಕುತ್ತಾರೆ. ಈ ಪದ್ಧತಿಯ ಇತಿಹಾಸದಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ: ಆಯೋಗದ ಸದಸ್ಯರನ್ನು ಆರಿಸುವವರು ಯಾರು? ಅದರ ಕರಡು ಮತದಾರರನ್ನು ತಲುಪುವ ಮುನ್ನ ಯಾರ ಕೈ ದಾಟಬೇಕು?

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಬಹುಭಾಗ ನಗರಗಳ ಸನ್ನದುಗಳನ್ನು ರಾಜ್ಯ ಶಾಸಕಾಂಗಗಳೇ ವಿಶೇಷ ಕಾಯ್ದೆಗಳ ಮೂಲಕ ಕೊಡುತ್ತಿದ್ದವು. ಕೊಟ್ಟಷ್ಟೇ ಸಲೀಸಾಗಿ ಕಿತ್ತುಕೊಳ್ಳುತ್ತಲೂ ಇದ್ದವು. 1857ರಲ್ಲಿ ನ್ಯೂಯಾರ್ಕ್ ರಾಜ್ಯ ಶಾಸಕಾಂಗ ನ್ಯೂಯಾರ್ಕ್ ನಗರದ ಪೊಲೀಸ್ ಪಡೆಯನ್ನು ಮೇಯರ್ ಕೈಯಿಂದ ತಪ್ಪಿಸಿ ರಾಜ್ಯದ ಅಧೀನಕ್ಕೆ ತೆಗೆದುಕೊಂಡಿತು. ಹಳೆಯ ಮತ್ತು ಹೊಸ ಪೊಲೀಸರು ನಗರಭವನದ ಮುಂದೆಯೇ ಹೊಡೆದಾಡಿದರು. 1868ರಲ್ಲಿ ಅಯೋವಾ ರಾಜ್ಯದ ನ್ಯಾಯಾಧೀಶ ಜಾನ್ ಡಿಲನ್ ಅವರು ನಗರಗಳು ಶಾಸಕಾಂಗದ ಸೃಷ್ಟಿ, ಅದು ಕೊಟ್ಟಷ್ಟೇ ಅಧಿಕಾರ ಅವಕ್ಕಿದೆ ಎಂದು ತೀರ್ಪಿತ್ತರು. ‘ಡಿಲನ್ ನಿಯಮ’ ಎಂದು ಪ್ರಸಿದ್ಧವಾದ ಈ ನಿಲುವಿಗೆ ಹೊಂದುವಂತೆಯೇ 1907ರಲ್ಲಿ ಹಂಟರ್ ವಿರುದ್ಧ ಪಿಟ್ಸ್‌ಬರ್ಗ್ ಮೊಕದ್ದಮೆಯಲ್ಲಿ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವೂ ತೀರ್ಪು ನೀಡಿತು. ಹೀಗಾಗಿ ನಗರಗಳಿಗೆ ಉಳಿದದ್ದು ಒಂದೇ ದಾರಿ. ರಾಜ್ಯದ ಸಂವಿಧಾನದಲ್ಲೇ ಸ್ವಯಮಾಡಳಿತದ ಹಕ್ಕನ್ನು ಬರೆಸಿಕೊಳ್ಳಬೇಕಿತ್ತು.

ಭೂಮಾಲೀಕರ ಮಂಡಳಿಗಳು

ಈ ದಾರಿಯನ್ನು ಮೊದಲು ತೆರೆದದ್ದು ಮಿಸೌರಿ ರಾಜ್ಯ. ಅದರ 1875ರ ಸಂವಿಧಾನ, ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ನಗರ 13 ಭೂಮಾಲೀಕರ ಮಂಡಳಿಯನ್ನು ಚುನಾಯಿಸಿ ತನ್ನ ಸನ್ನದನ್ನು ತಾನೇ ಬರೆದುಕೊಳ್ಳಬಹುದು ಎಂದಿತು. ಸೇಂಟ್ ಲೂಯಿಸ್ ನಗರಕ್ಕೆ ಪ್ರತ್ಯೇಕ ವಿಧಿಯೇ ಇತ್ತು. ಅಲ್ಲಿನ ಮಂಡಳಿ ಸನ್ನದಿನ ಜೊತೆಗೆ ನಗರವನ್ನು ಜಿಲ್ಲೆಯಂಥ ಆಡಳಿತ ಘಟಕವಾದ ಕೌಂಟಿಯಿಂದ ಬೇರ್ಪಡಿಸುವ ಯೋಜನೆಯನ್ನೂ ಸಿದ್ಧಪಡಿಸಿತು. 1876ರ ಆಗಸ್ಟ್‌ನಲ್ಲಿ ಮತದಾನ ನಡೆದಾಗ ಬೇರ್ಪಡೆ ಸೋತಿತೆಂದೇ ಮೊದಲ ಎಣಿಕೆ ಹೇಳಿತು. ವಿವಾದ ನ್ಯಾಯಾಲಯಕ್ಕೆ ಹೋಗಿ ಮರುಎಣಿಕೆಯಾದ ಬಳಿಕ ಫಲಿತಾಂಶ ತಿರುವುಮುರುವಾಯಿತು. ತನ್ನ ಸನ್ನದನ್ನು ತಾನೇ ಬರೆದುಕೊಂಡ ಮೊದಲ ಅಮೆರಿಕನ್ ನಗರವೆಂದು ಸೇಂಟ್ ಲೂಯಿಸ್ ಹೆಸರಾದದ್ದು ಹೀಗೆ.

ಕ್ಯಾಲಿಫೋರ್ನಿಯ 1879ರ ಸಂವಿಧಾನದಲ್ಲಿ ಇದೇ ಮಾದರಿಯನ್ನು ತಂದು, ಮತದಾರರು ಒಪ್ಪಿದ ಸನ್ನದಿಗೆ ಶಾಸಕಾಂಗದ ಅನುಮೋದನೆಯೂ ಬೇಕೆಂಬ ಷರತ್ತು ಸೇರಿಸಿತು. ಸಾನ್ ಫ್ರಾನ್ಸಿಸ್ಕೊ ಮತದಾರರು ಹಲವು ಕರಡುಗಳನ್ನು ಒಂದರ ಹಿಂದೊಂದು ತಿರಸ್ಕರಿಸಿ, ಕೊನೆಗೆ 1898ರಲ್ಲಿ ಒಂದನ್ನು ಒಪ್ಪಿದರು. ಅದು 1900ರಲ್ಲಿ ಜಾರಿಗೆ ಬಂದಿತು. ಮಿನೆಸೋಟ 1896ರ ಸಂವಿಧಾನ ತಿದ್ದುಪಡಿಯಿಂದ ಬೇರೊಂದು ಹಾದಿ ಹಿಡಿಯಿತು. ಅಲ್ಲಿ ಸದಸ್ಯರನ್ನು ನೇಮಿಸುವ ಹೊಣೆ ಜಿಲ್ಲಾ ನ್ಯಾಯಾಲಯದ್ದು, ರಾಜಕಾರಣಿಗಳದ್ದಲ್ಲ. ಆ ಕ್ರಮ ಈಗಲೂ ಉಳಿದಿದೆ.

ಈ ಮಂಡಳಿಗಳು ಶಾಸಕಾಂಗದ ಹಿಡಿತವನ್ನು ಸಡಿಲಿಸಿದವು ನಿಜ, ಆದರೆ ಬಾಡಿಗೆ ಮನೆಗಳಲ್ಲಿದ್ದ ಕೂಲಿಕಾರರಿಗೆ ಅವುಗಳಲ್ಲಿ ಜಾಗವಿರಲಿಲ್ಲ. ತೆರಿಗೆ ಕಟ್ಟುವ ಆಸ್ತಿವಂತರೇ ನಗರದ ಹಿತ ಬಲ್ಲವರೆಂಬ ನಂಬಿಕೆ ಕಾನೂನಿನಲ್ಲೇ ಬೇರೂರಿತ್ತು.

ಸುಧಾರಣಾ ಯುಗ

1894ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪೌರ ಸಂಘ 1900ರಲ್ಲಿ ಮಾದರಿ ಸನ್ನದೊಂದನ್ನು ಪ್ರಕಟಿಸಿತು. ಪಕ್ಷಗಳ ದಲ್ಲಾಳಿಗಳ ಕೈಗೆ ಸಿಕ್ಕಿದ್ದ ನಗರಾಡಳಿತವನ್ನು ಶುದ್ಧಗೊಳಿಸುವುದು ಇಂಥ ಸಂಘಗಳ ಗುರಿಯಾಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ಬಂದರನ್ನು ನೆಲಸಮ ಮಾಡಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮರುನಿರ್ಮಾಣಕ್ಕಾಗಿ ಅಲ್ಲಿನ ವ್ಯಾಪಾರಸ್ಥರು ರೂಪಿಸಿದ ‘ಕಮಿಷನ್ ಪದ್ಧತಿ’ಯಲ್ಲಿ ಕೆಲವೇ ಕಮಿಷನರುಗಳು ಸೇರಿ ಕಾನೂನು ಮಾಡುತ್ತಿದ್ದರು, ಒಬ್ಬೊಬ್ಬರು ಒಂದೊಂದು ಇಲಾಖೆಯನ್ನೂ ನಡೆಸುತ್ತಿದ್ದರು. ಈ ಪದ್ಧತಿ ಬೇಗನೆ ನೂರಾರು ಊರುಗಳಿಗೆ ಹರಡಿತು.

ಓಹಿಯೊ ರಾಜ್ಯದ 1912ರ ತಿದ್ದುಪಡಿ 15 ಸದಸ್ಯರ ಚುನಾಯಿತ ಸನ್ನದು ಆಯೋಗಕ್ಕೆ ಅವಕಾಶ ಕೊಟ್ಟಿತು. ಮರುವರ್ಷ ಮಾರ್ಚ್‌ನಲ್ಲಿ ಡೇಟನ್ ನಗರ ಪ್ರವಾಹದಲ್ಲಿ ಮುಳುಗಿತು. ಅದೇ ವರ್ಷ ಅಲ್ಲಿನ ಆಯೋಗ, ಚುನಾಯಿತ ಸಭೆ ನೀತಿ ನಿರ್ಧರಿಸಿ, ನೇಮಕಗೊಂಡ ವೃತ್ತಿಪರ ವ್ಯವಸ್ಥಾಪಕರು ಆಡಳಿತ ನಡೆಸುವ ಸನ್ನದನ್ನು ಮುಂದಿಟ್ಟಿತು, ಮತದಾರರು ಒಪ್ಪಿದರು. 1914ರ ಜನವರಿಯಲ್ಲಿ ಅದನ್ನು ಜಾರಿಗೆ ತಂದ ಡೇಟನ್, ವ್ಯವಸ್ಥಾಪಕ ಪದ್ಧತಿಯನ್ನು ಅನುಸರಿಸಿದ ಮೊದಲ ದೊಡ್ಡ ನಗರವಾಯಿತು. ಸುಧಾರಕರ ಸನ್ನದುಗಳಿಗೆ ಇನ್ನೊಂದು ಮುಖವೂ ಇತ್ತು. ವಾರ್ಡುಗಳನ್ನು ತೆಗೆದು ಇಡೀ ನಗರದ ಮತದಿಂದ ಸದಸ್ಯರನ್ನು ಆರಿಸತೊಡಗಿದ ಕಡೆ, ಒಂದೊಂದು ಕೇರಿಯಲ್ಲಿ ಒಟ್ಟಾಗಿದ್ದ ವಲಸಿಗರಿಗೂ ಕಪ್ಪು ಜನರಿಗೂ ತಮ್ಮವರನ್ನು ಗೆಲ್ಲಿಸಿಕೊಳ್ಳುವುದು ಕಷ್ಟವಾಯಿತು.

ನ್ಯೂಯಾರ್ಕ್

ನ್ಯೂಯಾರ್ಕ್‌ನಲ್ಲಿ ಆಯೋಗವನ್ನು ನೇಮಿಸುವುದು ಸಾಮಾನ್ಯವಾಗಿ ಮೇಯರ್. ಮೇಯರ್ ಫಿಯೊರೆಲೊ ಲಾ ಗಾರ್ಡಿಯ ಕಾಲದ ಆಯೋಗ ರೂಪಿಸಿದ ಸನ್ನದನ್ನು 1936ರಲ್ಲಿ ಮತದಾರರು ಒಪ್ಪಿದರು. ಅದರ ಜೊತೆಗೇ ಪರಿಷತ್ತಿನ ಚುನಾವಣೆಗೆ ಪ್ರಮಾಣಾನುಗುಣ ಪ್ರಾತಿನಿಧ್ಯವೂ ಬಂದಿತು. ಕಮ್ಯೂನಿಸ್ಟರೂ ಗೆಲ್ಲತೊಡಗಿದ ಮೇಲೆ, ಶೀತಲ ಸಮರದ ಆರಂಭದ ದಿನಗಳಲ್ಲಿ, 1947ರಲ್ಲಿ ಜನಮತದಿಂದಲೇ ಅದು ರದ್ದಾಯಿತು.

ಅಲ್ಲಿನ ಅತಿ ದೊಡ್ಡ ಬದಲಾವಣೆಗೆ ಕಾರಣವಾದದ್ದು ಒಂದು ಮೊಕದ್ದಮೆ. ಆಯವ್ಯಯದಲ್ಲೂ ಭೂಬಳಕೆಯಲ್ಲೂ ಅಂತಿಮ ಮಾತು ‘ಬೋರ್ಡ್ ಆಫ್ ಎಸ್ಟಿಮೇಟ್’ ಎಂಬ ಎಂಟು ಜನರ ಮಂಡಳಿಯದಾಗಿತ್ತು. ಅದರಲ್ಲಿ ‘ಬರೋ’ ಎಂದು ಕರೆಯುವ ಐದು ನಗರ ವಿಭಾಗಗಳ ಅಧ್ಯಕ್ಷರಿಗೆ ತಲಾ ಒಂದೇ ಮತ. ಇಪ್ಪತ್ತೆರಡು ಲಕ್ಷ ಜನರ ಬ್ರೂಕ್ಲಿನ್‌ಗೂ ಮೂರೂವರೆ ಲಕ್ಷ ಜನರ ಸ್ಟೇಟನ್ ಐಲೆಂಡ್‌ಗೂ ಒಂದೇ ತೂಕ. ಇದು ಮತಗಳ ಸಮಾನತೆಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1989ರ ಮಾರ್ಚ್‌ನಲ್ಲಿ ಒಮ್ಮತದ ತೀರ್ಪು ನೀಡಿತು. ಮೊಕದ್ದಮೆ ನಡೆಯುತ್ತಿದ್ದಾಗಲೇ ರಿಚರ್ಡ್ ರಾವಿಚ್ ಅಧ್ಯಕ್ಷತೆಯ ಆಯೋಗ ಕೆಲಸ ಆರಂಭಿಸಿತ್ತು. ಅನಂತರ ಬಂದ ಫ್ರೆಡರಿಕ್ ಶ್ವಾರ್ಟ್ಸ್ ಆಯೋಗ ಆ ಮಂಡಳಿಯನ್ನೇ ತೆಗೆದುಹಾಕಿ, ಅದರ ಅಧಿಕಾರವನ್ನು ಮೇಯರ್‌ಗೂ ಪರಿಷತ್ತಿಗೂ ಹಂಚಿ, ಪರಿಷತ್ತಿನ ಸ್ಥಾನಗಳನ್ನು 35ರಿಂದ 51ಕ್ಕೆ ಏರಿಸುವ ಕರಡು ತಯಾರಿಸಿತು. ಅದೇ ನವೆಂಬರ್‌ನಲ್ಲಿ ಮತದಾರರು ಅದಕ್ಕೆ ಒಪ್ಪಿಗೆ ಕೊಟ್ಟರು.

ಇದೇ ನಗರದಲ್ಲಿ ಆಯೋಗ ರಾಜಕೀಯದ ದಾಳವೂ ಆಗಿದೆ. ಮೇಯರ್ ನೇಮಿಸಿದ ಆಯೋಗದ ಪ್ರಶ್ನೆಗಳು ಮತಪತ್ರದಲ್ಲಿದ್ದರೆ, ಸನ್ನದಿಗೆ ಸಂಬಂಧಿಸಿದ ಇತರರ ಪ್ರಶ್ನೆಗಳು ಆ ವರ್ಷ ಮತಕ್ಕೆ ಬರುವಂತಿಲ್ಲ ಎಂಬುದು ರಾಜ್ಯ ಕಾನೂನಿನಲ್ಲಿದ್ದ ನಿಯಮ. 1998ರಲ್ಲಿ ಯಾಂಕಿ ಕ್ರೀಡಾಂಗಣದ ಸ್ಥಳಾಂತರದ ಬಗ್ಗೆ ಜನಮತ ಕೇಳಲು ಪರಿಷತ್ತು ಮುಂದಾದಾಗ, ಮೇಯರ್ ರುಡಾಲ್ಫ್ ಜುಲಿಯಾನಿ ಆಯೋಗ ರಚಿಸಿ ಆ ಪ್ರಶ್ನೆ ಮತಪತ್ರ ಸೇರದಂತೆ ಮಾಡಿದರು.

ಲಾಸ್ ಏಂಜಲಿಸ್

ಲಾಸ್ ಏಂಜಲಿಸ್‌ನ 1925ರ ಸನ್ನದು ನೂರಾರು ತಿದ್ದುಪಡಿಗಳಿಂದ ತೇಪೆಯ ಕೌದಿಯಂತಾಗಿತ್ತು. ಸಾನ್ ಫರ್ನಾಂಡೊ ಕಣಿವೆಯ ಜನ ನಗರದಿಂದ ಬೇರೆಯಾಗುವ ಮಾತೆತ್ತಿದಾಗ ಸುಧಾರಣೆಯ ಒತ್ತಡ ಹೆಚ್ಚಿತು. ನಗರ ಪರಿಷತ್ತು 21 ಸದಸ್ಯರ ಆಯೋಗವನ್ನು ನೇಮಿಸಿತು. ಆದರೆ ಅದರ ಶಿಫಾರಸುಗಳನ್ನು ಪರಿಷತ್ತು ತಿದ್ದಬಹುದಿತ್ತು, ಮೂಲೆಗೂ ತಳ್ಳಬಹುದಿತ್ತು. ಇದನ್ನೊಪ್ಪದ ಮೇಯರ್ ರಿಚರ್ಡ್ ರಿಯೊರ್ಡನ್ ಬೆಂಬಲದಿಂದ 15 ಸದಸ್ಯರ ಇನ್ನೊಂದು ಆಯೋಗ 1997ರಲ್ಲಿ ಚುನಾಯಿತವಾಯಿತು. ಅದರ ಕರಡು ನೇರವಾಗಿ ಮತದಾರರಿಗೇ ಹೋಗುವಂಥದ್ದು. ಚುನಾಯಿತ ಆಯೋಗಕ್ಕೆ ಕಾನೂನು ವಿದ್ವಾಂಸ ಅರ್ವಿನ್ ಚೆಮರಿನ್‌ಸ್ಕಿ, ನೇಮಕಗೊಂಡದ್ದಕ್ಕೆ ವಕೀಲ ಜಾರ್ಜ್ ಕೀಫರ್ ಅಧ್ಯಕ್ಷರು. ಎರಡು ಕರಡುಗಳು ಪೈಪೋಟಿಗೆ ಬಿದ್ದರೆ ಎರಡೂ ಸೋಲುತ್ತವೆಂದು ಅರಿತ ಇಬ್ಬರೂ ರಾಜಿ ಮಾಡಿ ಒಂದೇ ಸನ್ನದನ್ನು ರೂಪಿಸಿದರು. ಅದು 1999ರ ಜೂನ್‌ನಲ್ಲಿ ಗೆದ್ದು, 2000ದ ಜುಲೈನಲ್ಲಿ ಜಾರಿಯಾಯಿತು. ಬಡಾವಣೆ ಮಟ್ಟದ ನೆರೆಹೊರೆ ಪರಿಷತ್ತುಗಳು ಹುಟ್ಟಿದ್ದು ಇದರಿಂದಲೇ. ಪರಿಷತ್ತಿನ ಸ್ಥಾನಗಳನ್ನು ಹೆಚ್ಚಿಸುವ ವಿಷಯವನ್ನು ಪ್ರತ್ಯೇಕವಾಗಿ ಮತಕ್ಕಿಡಲಾಗಿತ್ತು, ಅದು ಸೋತಿತು.

ಪೋರ್ಟ್‌ಲ್ಯಾಂಡ್

ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ 1913ರಲ್ಲಿ ಕಮಿಷನ್ ಪದ್ಧತಿಯನ್ನು ಸ್ವೀಕರಿಸಿ, ಉಳಿದ ದೊಡ್ಡ ನಗರಗಳೆಲ್ಲ ಅದನ್ನು ಬಿಟ್ಟ ಮೇಲೂ ಮುಂದುವರಿಸಿತು. ಮೇಯರ್ ಮತ್ತು ನಾಲ್ವರು ಕಮಿಷನರುಗಳು ಇಡೀ ನಗರದ ಮತದಿಂದ ಬರುತ್ತಿದ್ದರು. ಪೂರ್ವದ ಬಡಾವಣೆಗಳವರು ಗೆದ್ದು ಬರುವುದು ವಿರಳವಾಗಿತ್ತು. ಪದ್ಧತಿ ಬದಲಿಸುವ ಪ್ರಸ್ತಾವಗಳನ್ನು ಮತದಾರರು ಪದೇ ಪದೇ ಸೋಲಿಸಿದ್ದರು. 2007ರಲ್ಲಿಯೂ ಆಡಳಿತವನ್ನು ಮೇಯರ್ ಕೈಗೆ ಕೊಡುವ ‘ಬಲಿಷ್ಠ ಮೇಯರ್’ ಪ್ರಸ್ತಾವ ಸೋತಿತು, ಆದರೆ ಅದೇ ಚುನಾವಣೆಯಲ್ಲಿ ಸದ್ದಿಲ್ಲದೆ ಇನ್ನೊಂದು ತಿದ್ದುಪಡಿ ಗೆದ್ದಿತು. ಹತ್ತು ವರ್ಷಕ್ಕೊಮ್ಮೆಯಾದರೂ 20 ನಾಗರಿಕರ ಸನ್ನದು ಆಯೋಗ ಕೂಡಬೇಕು; ಕನಿಷ್ಠ 15 ಸದಸ್ಯರು ಒಪ್ಪಿದ ಪ್ರಸ್ತಾವ ನಗರ ಪರಿಷತ್ತಿನ ಒಪ್ಪಿಗೆಯಿಲ್ಲದೆ ನೇರವಾಗಿ ಮತದಾರರ ಮುಂದೆ ಹೋಗಬೇಕು ಎಂಬುದು ಅದರ ಸಾರ.

ಈ ನಿಯಮದ ಬಲ ಗೊತ್ತಾದದ್ದು 2020ರ ಕೊನೆಯಲ್ಲಿ ನೇಮಕಗೊಂಡ ಆಯೋಗದಿಂದ. ಸದಸ್ಯರನ್ನು ನೇಮಿಸಿದ್ದು ಪರಿಷತ್ತೇ. ಆದರೆ ಕರಡನ್ನು ತಡೆಯುವ ಅಧಿಕಾರ ಅದಕ್ಕಿರಲಿಲ್ಲ. 2022ರ ಜೂನ್‌ನಲ್ಲಿ ಆಯೋಗ 17–3 ಮತಗಳಿಂದ ಒಂದು ಪ್ರಸ್ತಾವವನ್ನು ಅಂಗೀಕರಿಸಿತು: ನಾಲ್ಕು ಕ್ಷೇತ್ರ, ಕ್ಷೇತ್ರಕ್ಕೆ ಮೂವರಂತೆ 12 ಸದಸ್ಯರ ಪರಿಷತ್ತು, ದೈನಂದಿನ ಆಡಳಿತಕ್ಕೆ ವೃತ್ತಿಪರ ನಗರಾಡಳಿತಾಧಿಕಾರಿ. ಪರಿಷತ್ತಿನ ಚುನಾವಣೆಗೆ ಆರಿಸಿಕೊಂಡದ್ದು ಏಕ ವರ್ಗಾವಣೀಯ ಮತ ಪದ್ಧತಿ. ಭಾರತದಲ್ಲಿ ರಾಜ್ಯಸಭೆಯ ಸದಸ್ಯರನ್ನು ಶಾಸಕರು ಆರಿಸುವುದೂ ಇದೇ ತತ್ತ್ವದ ಮೇಲೆ. ಇಷ್ಟೊಂದು ಬದಲಾವಣೆಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿಕೊಟ್ಟದ್ದನ್ನು ಉದ್ಯಮಿಗಳ ಸಂಘ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನ್ಯಾಯಾಲಯ ಆ ಆಕ್ಷೇಪವನ್ನು ಒಪ್ಪಲಿಲ್ಲ. ನವೆಂಬರ್‌ನಲ್ಲಿ ಸುಮಾರು ಶೇ. 58 ಮತದಾರರು ಪ್ರಸ್ತಾವವನ್ನು ಬೆಂಬಲಿಸಿದರು. ಹೊಸ ಪದ್ಧತಿಯ ಮೊದಲ ಚುನಾವಣೆ 2024ರ ನವೆಂಬರ್‌ನಲ್ಲಿ ನಡೆದು, 2025ರ ಜನವರಿಯಲ್ಲಿ ಹೊಸ ಆಡಳಿತ ಅಧಿಕಾರ ವಹಿಸಿಕೊಂಡಿತು.

ರಚನೆಯ ಬಗೆಗಳು

ನೇಮಕದ ವಿಧಾನ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮ್ಯಾಸಚೂಸೆಟ್ಸ್‌ನ 1966ರ ತಿದ್ದುಪಡಿಯಂತೆ ಶೇ. 15 ಮತದಾರರು ಮನವಿ ಸಲ್ಲಿಸಿದರೆ, ಆಯೋಗ ಬೇಕೇ ಎಂಬ ಪ್ರಶ್ನೆಯ ಜೊತೆಗೇ ಅದರ ಒಂಬತ್ತು ಸದಸ್ಯರ ಚುನಾವಣೆಯೂ ನಡೆಯುತ್ತದೆ. ಮಿಶಿಗನ್‌ನಲ್ಲೂ ಒಂಬತ್ತು ಚುನಾಯಿತ ಸದಸ್ಯರು. ಎಲ್ಲೆಡೆಯೂ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ: ಬಹಿರಂಗ ವಿಚಾರಣೆ, ಇತರ ನಗರಗಳ ಅಧ್ಯಯನ, ಕರಡಿನ ಪ್ರಕಟಣೆ, ಆಕ್ಷೇಪಗಳ ಮೇಲೆ ಪರಿಷ್ಕರಣೆ, ಕೊನೆಗೆ ಮತದಾನ.

ಚುನಾಯಿತ ಆಯೋಗಕ್ಕೆ ಸ್ವಾತಂತ್ರ್ಯ ಹೆಚ್ಚು. ಆದರೆ ಹಣವಂತರ ಮತ್ತು ಸಂಘಟಿತ ಗುಂಪುಗಳ ಅಭ್ಯರ್ಥಿಗಳು ಸುಲಭವಾಗಿ ಒಳಸೇರಬಹುದು. ನೇಮಕಗೊಂಡದ್ದರಲ್ಲಿ ಎಲ್ಲ ವರ್ಗದವರನ್ನೂ ಸೇರಿಸಲು ಅವಕಾಶವಿದ್ದರೂ ನೇಮಿಸಿದವರ ಮರ್ಜಿಗೆ ಒಳಗಾಗುವ ಅಪಾಯವಿದೆ. ಜನರೇ ಆರಿಸಿದ ಆಯೋಗದ ಕರಡನ್ನೂ ಜನ ಒಪ್ಪಲೇಬೇಕೆಂದಿಲ್ಲ. ಡೆಟ್ರಾಯಿಟ್‌ನ ಚುನಾಯಿತ ಆಯೋಗ ಸಿದ್ಧಪಡಿಸಿದ ಸನ್ನದಿಗೆ 2021ರಲ್ಲಿ ರಾಜ್ಯಪಾಲರ ಅನುಮೋದನೆ ಸಿಗಲಿಲ್ಲ. ಆದರೂ ಅದು ಮತಪತ್ರದಲ್ಲಿ ಉಳಿಯಬಹುದೆಂದು ಮಿಶಿಗನ್ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆಗಸ್ಟ್‌ನಲ್ಲಿ ನಡೆದ ಮತದಾನದಲ್ಲಿ ನಗರದ ಜನರೇ ಅದನ್ನು ಭಾರೀ ಅಂತರದಿಂದ ತಿರಸ್ಕರಿಸಿದರು. 2012ರ ಸನ್ನದು ಮುಂದುವರಿಯಿತು.