ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಅರ್ಧ ಆಣೆಯ ಕಡಿತ

ಸಂಸ್ಕೃತದಲ್ಲಿ ‘ಧಾತೃ’ ಶಬ್ದಕ್ಕೆ ಧರಿಸುವವನು, ಪೋಷಿಸುವವನು ಎಂಬ ಅರ್ಥಗಳಿವೆ. ಶಾಲಿವಾಹನ ಶಕ 1798ನೆಯ ವರ್ಷಕ್ಕೆ ಆ ಹೆಸರು ಬಂದುದು ಪ್ರಭವಾದಿ ಸಂವತ್ಸರಗಳ ಗಣನೆಯಿಂದಲೇ ಹೊರತು ಬೇರೆ ಗುಣದಿಂದಲ್ಲ. ಕ್ರಿ. ಶ. 1876ರ ಮುಂಗಾರು ಕ್ಷೀಣವಾಯಿತು, ಹಿಂಗಾರು ಕೈಕೊಟ್ಟಿತು, ಮರುವರ್ಷ ಈಶ್ವರ ಸಂವತ್ಸರದಲ್ಲಿ ಮಳೆಯು ತಡವಾಗಿ ಬಂದಿತು. ಹೀಗೆ ಪೋಷಕನ ಹೆಸರಿನ ವರ್ಷವೂ ಪರಮೇಶ್ವರನ ಹೆಸರಿನ ವರ್ಷವೂ ಕೂಡಿ ಕನ್ನಡ ಜನರ ಬಾಯಲ್ಲಿ ಒಂದೇ ಬರಗಾಲದ ಹೆಸರಾಗಿ ಉಳಿದುವು.

ಈ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಕುರಿತು ಬರೆದವರು ಬಹುಮಂದಿ. ಸರಕಾರದ ಕೆಲಸದಲ್ಲಿ ದುಡಿದವರ ಕೂಲಿಯನ್ನು ಕುರಿತು ಬರೆದವರು ಕಡಿಮೆ. ಆದರೆ ಬೊಕ್ಕಸದ ಮಿತವ್ಯಯವು ಜನರ ದೇಹದ ಮೇಲೆ ಹೇಗೆ ಪರಿಣಮಿಸುತ್ತದೆ ಎಂಬುದನ್ನು ತಿಳಿಯಲು ಆ ಕೂಲಿಯ ವೃತ್ತಾಂತದಂತಹ ಸಾಧನವು ಮತ್ತೊಂದಿಲ್ಲ.

ಈಗ 1997ನೆಯ ಇಸವಿಯಿಂದ ಹಾವೇರಿ ಜಿಲ್ಲೆಗೆ ಸೇರಿರುವ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಎಂಬ ಮೂರು ಪಟ್ಟಣಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯ ದಕ್ಷಿಣಭಾಗದಲ್ಲಿದ್ದುವು. ಹಾವೇರಿಯು ಕರಜಗಿ ತಾಲೂಕಿಗೂ ಬ್ಯಾಡಗಿಯು ರಾಣೇಬೆನ್ನೂರು ತಾಲೂಕಿಗೂ ಸೇರಿದ್ದುವು. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಎರೆಭೂಮಿಯ ಬಯಲು, ದಕ್ಷಿಣಕ್ಕೆ ತುಂಗಭದ್ರೆಯ ಆಚೆ ಮೈಸೂರು ಸೀಮೆ. ಹಾವೇರಿಯ ವರ್ತಕರು ಮಲೆಸೀಮೆಯಿಂದ ಬಂದ ಏಲಕ್ಕಿಯನ್ನು ತೊಳೆದು ಹಸನುಮಾಡಿ ದೂರದೇಶಗಳಿಗೆ ಕಳುಹಿಸುತ್ತಿದ್ದರು. ರಾಣೇಬೆನ್ನೂರಿನಲ್ಲಿ ನೇಕಾರರ ಮಗ್ಗಗಳು ಬಹಳವಿದ್ದುವು. ಬ್ಯಾಡಗಿಯ ಹೆಸರು ಮೆಣಸಿನಕಾಯಿಗೆ ಅಂಟಿಕೊಂಡುದನ್ನು ಹೇಳಲೇಬೇಕಾಗಿಲ್ಲ. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಧಾರವಾಡ ಸೀಮೆಯ ಹತ್ತಿಗೆ ಬಂದ ಬೆಲೆಯು ಯುದ್ಧವು ಮುಗಿಯುತ್ತಲೇ ಇಳಿಯಿತು. ಆ ಏರಿಳಿತದ ಸಾಲವು ತೀರುವ ಮೊದಲೇ ಬರಗಾಲವು ಬಂದಿತೆಂದು ಊಹಿಸುವುದು ತಪ್ಪಾಗಲಾರದು. ರೈಲುದಾರಿಯು ಇನ್ನೂ ಬಂದಿರಲಿಲ್ಲ. ಧಾನ್ಯವು ಬಂದರೆ ಎತ್ತಿನ ಬಂಡಿಯ ಮೇಲೆಯೇ ಬರಬೇಕು. ಮೇವಿಲ್ಲದೆ ಎತ್ತುಗಳೇ ಮಡಿಯುತ್ತಿದ್ದುವು.

ಸರಕಾರದ ಕೈ ಏಕೆ ಬಿಗಿಯಾಗಿತ್ತೆಂಬುದಕ್ಕೆ ಎರಡು ಕಾರಣಗಳನ್ನು ಹೇಳಬೇಕು. ಮೊದಲನೆಯದು 1870ನೆಯ ಡಿಸೆಂಬರಿನಲ್ಲಿ ಲಾರ್ಡ್ ಮೇಯೋ ಹೊರಡಿಸಿದ ನಿರ್ಣಯ. ಸೆರೆಮನೆ, ಪೋಲೀಸು, ವಿದ್ಯಾಭ್ಯಾಸ, ವೈದ್ಯ, ರಸ್ತೆ ಮೊದಲಾದ ಶಾಖೆಗಳನ್ನು ಪ್ರಾಂತಗಳಿಗೆ ಒಪ್ಪಿಸಿ, ಅವುಗಳಿಗಾಗಿ ವರ್ಷಕ್ಕೆ ಇಷ್ಟೆಂದು ಗೊತ್ತಾದ ಮೊತ್ತವನ್ನು ಕೊಡುವ ಪದ್ಧತಿಯು ಅದರಿಂದ ಆರಂಭವಾಯಿತು. ಕೊಟ್ಟ ಮೊತ್ತವು ಹಿಂದಿನ ವೆಚ್ಚಕ್ಕಿಂತ ಕಡಿಮೆಯಾಗಿತ್ತು. ಉಳಿದುದನ್ನು ಪ್ರಾಂತವು ಸ್ಥಳೀಯ ತೆರಿಗೆಯಿಂದಲೋ ವೆಚ್ಚದ ಸಂಕೋಚದಿಂದಲೋ ತುಂಬಿಕೊಳ್ಳಬೇಕಾಗಿತ್ತು. ಎರಡನೆಯದು ಬಿಹಾರದ ಅನುಭವ. 1873-74ರಲ್ಲಿ ಅಲ್ಲಿ ಬರ ಬಂದಾಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಬರ್ಮಾದೇಶದಿಂದ ಅಕ್ಕಿಯನ್ನು ತರಿಸಿ ಹಂಚಿದನು. ಹಸಿವಿನಿಂದ ಸತ್ತವರು ಅತ್ಯಲ್ಪ. ವೆಚ್ಚವಾದುದು ಆರು ಕೋಟಿ ರೂಪಾಯಿಗಳಿಗೂ ಮಿಕ್ಕು. ಪ್ರಾಣಗಳು ಉಳಿದುದಕ್ಕೆ ಪ್ರಶಂಸೆ ಬರುವ ಬದಲು ಹಣವು ಹೋದುದಕ್ಕೆ ನಿಂದೆ ಬಂದಿತು. ಅದೇ ಟೆಂಪಲನನ್ನು 1877ನೆಯ ಜನವರಿಯಲ್ಲಿ ದಕ್ಷಿಣದ ಬರಪೀಡಿತ ಪ್ರಾಂತಗಳ ಪರಿಶೀಲನೆಗೆ ಕಳುಹಿಸಿದರು. ಹಿಂದೆ ಕೈಬಿಚ್ಚಿ ಕೊಟ್ಟು ಬೈಸಿಕೊಂಡವನು ಈ ಸಲ ಕೈಮುಚ್ಚಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಂಬಯಿ ಇಲಾಖೆಯಲ್ಲಿ ಬರಪರಿಹಾರದ ಕಾಮಗಾರಿಗಳು ಎರಡು ತೆರನಾಗಿದ್ದುವು. ಶಕ್ತರಾದವರಿಗೆ ಲೋಕೋಪಯೋಗಿ ಶಾಖೆಯ ದೊಡ್ಡ ಕಾಮಗಾರಿಗಳು. ಅಲ್ಲಿ ಸಾಧಾರಣ ಆಳಿನ ಕೆಲಸದ ಮುಕ್ಕಾಲು ಪಾಲನ್ನು ಮಾಡಬೇಕಾಗಿತ್ತು. ವಯಸ್ಸಾದವರು, ಕೃಶರು, ಕೆಲಸದ ಅಭ್ಯಾಸವಿಲ್ಲದವರು ಇಂತಹರಿಗೆ ಕಲೆಕ್ಟರರ ಸಹಾಯಕರ ಕೈಕೆಳಗೆ ನಡೆಯುವ ‘ಸಿವಿಲ್’ ಕಾಮಗಾರಿಗಳು. ಅಲ್ಲಿ ಅರ್ಧಪಾಲಿನ ಕೆಲಸ. ಆರಂಭದಲ್ಲಿ ಸಿವಿಲ್ ಕಾಮಗಾರಿಯ ದಿನಗೂಲಿಯು ಗಂಡಸಿಗೆ 2 ಆಣೆ, ಹೆಂಗಸಿಗೆ 1½ ಆಣೆ, ಕೆಲಸ ಮಾಡಬಲ್ಲ ಮಕ್ಕಳಿಗೆ 1 ಆಣೆ ಎಂದಿತ್ತು. 1876ರ ನವೆಂಬರಿನ ನಡುವೆ ಧಾನ್ಯವು ರೂಪಾಯಿಗೆ 16 ರಾತ್ಲಿಗಿಂತ ತುಟ್ಟಿಯಾಗಲು, ಕೂಲಿಯನ್ನು ಬೆಲೆಯ ಜೊತೆಗೆ ಏರಿಳಿಯುವಂತೆ ಮಾಡಿದರು. ಗಂಡಸಿಗೆ ಯಾವಾಗಲೂ ಒಂದು ರಾತ್ಲು ಧಾನ್ಯದ ಬೆಲೆಯೂ ಅದರ ಮೇಲೆ ಒಂದು ಆಣೆಯೂ ದೊರೆಯತಕ್ಕದ್ದೆಂದು ಗೊತ್ತಾಯಿತು. ಈ ಏರ್ಪಾಡು ಯುಕ್ತವಾಗಿಯೇ ಇತ್ತೆಂದು ಹೇಳಬೇಕು.

ಎರಡು ತಿಂಗಳು ಕಳೆಯುವುದರೊಳಗೆ, 1877ರ ಜನವರಿಯ ನಡುವೆ, ಸಿವಿಲ್ ಕಾಮಗಾರಿಯ ಕೂಲಿಯನ್ನು ಒಂದು ರಾತ್ಲು ಧಾನ್ಯದ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಿದರು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದರಾಸಿನಲ್ಲಿ ಟೆಂಪಲನು ಜಾರಿಗೆ ತಂದ ಒಂದು ರಾತ್ಲಿನ ಕೂಲಿಯೂ ಇದರ ಸಮಕಾಲೀನವಾದುದೇ.

ಅರ್ಧ ಆಣೆಯೆಂದರೆ ಆರು ಪೈ. ಕೇಳುವುದಕ್ಕೆ ಅಲ್ಪ. ಲೆಕ್ಕ ಹಾಕಿ ನೋಡಿದರೆ ಸಂಗತಿಯು ಬೇರೆಯಾಗುತ್ತದೆ. ಧಾನ್ಯವು ರೂಪಾಯಿಗೆ 16 ರಾತ್ಲಿದ್ದಾಗ ಒಂದು ರಾತ್ಲಿಗೆ ಒಂದು ಆಣೆ. ಆಗ ಹಳೆಯ ಕೂಲಿ 2 ಆಣೆ, ಹೊಸದು 1½ ಆಣೆ. ಎಂದರೆ ಕಾಲುಭಾಗದ ಕಡಿತ. ಧಾನ್ಯವು ರೂಪಾಯಿಗೆ 8 ರಾತ್ಲಿಗೆ ಬಂದರೆ ಹಳೆಯದು 3 ಆಣೆ, ಹೊಸದು 2½ ಆಣೆ. ಹಳೆಯ ಕೂಲಿಯನ್ನೆಲ್ಲ ಧಾನ್ಯಕ್ಕೇ ಹಾಕಿದರೂ ಒಂದೂವರೆ ರಾತ್ಲು, ಹೊಸದರಲ್ಲಿ ಒಂದೂಕಾಲು. ಆದರೆ ಕೂಲಿಯನ್ನೆಲ್ಲ ಧಾನ್ಯಕ್ಕೆ ಹಾಕುವಂತಿಲ್ಲ. ಉಪ್ಪು, ಮೆಣಸಿನಕಾಯಿ, ಸೌದೆ ಇವು ಆ ಅರ್ಧ ಆಣೆಯಿಂದಲೇ ಬರಬೇಕು. ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿದವನು ಒಂದು ಮೆಣಸಿನಕಾಯಿಗಾಗಿ ಲೆಕ್ಕ ಮಾಡಬೇಕಾದ ದಿನಗಳು ಅವು. ಮನೆಯಲ್ಲಿ ಕೆಲಸಕ್ಕೆ ಬಾರದ ಮುದುಕಿಯೋ ಕೂಸೋ ಇದ್ದರೆ ಉಳಿದ ಒಂದು ರಾತ್ಲನ್ನೂ ಪಾಲುಮಾಡಬೇಕು. ಸರಕಾರಕ್ಕಾದ ಲಾಭವಾದರೋ ಸಾವಿರ ಗಂಡಾಳುಗಳಿಗೆ ದಿನವೊಂದಕ್ಕೆ 31 ರೂಪಾಯಿ 4 ಆಣೆ.

ಕನ್ನಡದಲ್ಲಿ ‘ಕೂಲಿ’, ‘ಕೂಳು’ ಎಂಬೆರಡು ಶಬ್ದಗಳಿವೆ. ಇವು ಒಂದೇ ಮೂಲದವೆಂದು ಭಾವಿಸುವುದು ಸಲ್ಲದು. ಎರಡನೆಯದರ ಹಳಗನ್ನಡದ ರೂಪವು ರಳಯುಕ್ತವಾದ ‘ಕೂೞ್’. ಶಬ್ದಶಾಸ್ತ್ರವು ಬೇರ್ಪಡಿಸಿದ ಈ ಎರಡನ್ನು ಆ ಜನವರಿಯ ಆಜ್ಞೆಯು ಒಂದುಗೂಡಿಸಿತು. ಕೂಲಿಯೆಂದರೆ ದುಡಿಮೆಯ ಬೆಲೆಯೆಂಬ ಭಾವವು ಹೋಗಿ, ಜೀವವು ಹಾರಿಹೋಗದಂತೆ ಹಿಡಿದಿಡುವಷ್ಟು ಕೂಳು ಎಂಬ ಭಾವವು ಬಂದಿತು. ಆ ಅಳತೆಯಲ್ಲಿಯೂ ಅದು ಸಾಲದಾಯಿತು.

ಪ್ರಾಚೀನ ನೀತಿಶಾಸ್ತ್ರಕಾರರು ಈ ವಿಷಯವನ್ನು ಚಿಂತಿಸದೆ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದರು. ಆದುದರಿಂದ ಟೆಂಪಲನಿಗೆ ಅದು ತಿಳಿದಿರಲಾರದು. ದುರ್ಭಿಕ್ಷದಲ್ಲಿ ರಾಜನು ಬೀಜವನ್ನೂ ಆಹಾರವನ್ನೂ ಕೊಡಬೇಕೆಂದೂ ಇಲ್ಲವೆ ಅನ್ನವನ್ನಿತ್ತು ಕೋಟೆ, ಸೇತುವೆ ಮೊದಲಾದ ಕೆಲಸಗಳನ್ನು ಮಾಡಿಸಬೇಕೆಂದೂ ಅದರಲ್ಲಿ ವಿಧಿಯಿದೆ. ಬರಗಾಲದ ಕಾಮಗಾರಿಯೆಂಬುದು ಆಂಗ್ಲೇಯರು ಹೊಸದಾಗಿ ಕಂಡುಹಿಡಿದುದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಭೃತ್ಯರ ಭರಣವನ್ನು ಹೇಳುವ ಅಧ್ಯಾಯದಲ್ಲಿ ಆದಾಯದ ಕಾಲುಪಾಲನ್ನು ನೌಕರವರ್ಗಕ್ಕೆ ಮೀಸಲಿಡಬೇಕೆಂದೂ, ಬೊಕ್ಕಸವು ಬರಿದಾಗಿದ್ದರೆ ಸ್ವಲ್ಪ ಹಣದ ಜೊತೆಗೆ ಕಾಡಿನ ಉತ್ಪನ್ನ, ದನಕರು, ಭೂಮಿ ಇವನ್ನು ಕೊಡಬೇಕೆಂದೂ ಹೇಳಿದೆ. ಹಣದ ಅಭಾವವು ಭರಣವನ್ನೇ ತಗ್ಗಿಸಲು ಹೇತುವಾಗದೆ ಭರಣದ ಸಾಧನವನ್ನು ಬದಲಿಸಲು ಹೇತುವಾಗಬೇಕೆಂಬುದು ಇಲ್ಲಿಯ ಅಭಿಪ್ರಾಯ. ಕೌಟಿಲ್ಯನು ಸಮತಾವಾದಿಯೇನೂ ಅಲ್ಲ. ಮಂತ್ರಿಗೆ 48,000 ಪಣ, ಕೆಳಗಿನ ಪರಿಚಾರಕನಿಗೆ 60 ಪಣ ಎಂದು ಬರೆದವನೇ ಅವನು. ಆದರೂ ಕೊಡಬೇಕಾದ 60ರಲ್ಲಿ 15ನ್ನು ಮುರಿದುಕೊಳ್ಳೆಂದು ಅವನು ಹೇಳಲಿಲ್ಲ.

ಅಧಿಕಾರಿಗಳ ವಾದವನ್ನೂ ಹೇಳದಿದ್ದರೆ ನ್ಯಾಯವಾಗದು. ಹಳ್ಳಿಯ ಹತ್ತಿರದ ಹಗುರ ಕಾಮಗಾರಿಗಳಿಗೆ ನಿಜವಾದ ಕಷ್ಟವಿಲ್ಲದವರೂ ಬಂದು ಸೇರಿದ್ದಾರೆ. ಕೂಲಿಯನ್ನಿಳಿಸಿದರೆ ಶಕ್ತರು ದೂರದ ದೊಡ್ಡ ಕಾಮಗಾರಿಗಳಿಗೆ ಹೋಗುವರು, ಕಷ್ಟವಿಲ್ಲದವರು ಮನೆಗೆ ಹೋಗುವರು ಎಂಬುದು ಅವರ ಎಣಿಕೆ. ಕೆಲವೆಡೆ ಹಾಗೆ ಆಗಿರಲೂಬಹುದು. ಆದರೆ ಇಲಾಖೆಯ ಅನೇಕ ಕಡೆಗಳಲ್ಲಿ ಜನರು ದೊಡ್ಡ ಕಾಮಗಾರಿಗಳಿಗೆ ಹೋಗದೆ ಗುಂಪುಗುಂಪಾಗಿ ಕೆಲಸವನ್ನೇ ಬಿಟ್ಟರು. ಹಸಿದವನು ಕೂಲಿಯನ್ನು ಬಿಟ್ಟು ಎದ್ದುಹೋದನೆಂದರೆ ಅವನಿಗೆ ಹಸಿವಿಲ್ಲವೆಂದು ತಿಳಿಯುವುದು ಕಚೇರಿಯ ತರ್ಕ. ಅರ್ಧಪಾಲಿನ ಕೆಲಸಕ್ಕೆ ಹಾಕಲ್ಪಟ್ಟಿದ್ದವರು ಅಶಕ್ತರೆಂದು ಸರಕಾರವೇ ವಿಂಗಡಿಸಿದವರು. ಕಡಿತವು ಬಿದ್ದುದು ಸರಿಯಾಗಿ ಅವರ ಮೇಲೆಯೇ. ಪುಣೆಯಲ್ಲಿ 1870ರಲ್ಲಿ ಸ್ಥಾಪಿತವಾಗಿದ್ದ ಸಾರ್ವಜನಿಕ ಸಭೆಯು ಈ ವಿಷಯವಾಗಿ ಸರಕಾರಕ್ಕೆ ವಿಜ್ಞಾಪನೆಗಳನ್ನು ಬರೆಯಿತು. ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶನು ದುಡಿಯುವ ಮನುಷ್ಯನಿಗೆ ಒಂದು ರಾತ್ಲು ಧಾನ್ಯವು ಸಾಲದೆಂದು ಟೆಂಪಲನೊಡನೆ ಬಹಿರಂಗವಾಗಿ ವಾದಿಸಿದನು. ಕೆಲವು ತಿಂಗಳುಗಳ ಮೇಲೆ ಮದರಾಸು ಸರಕಾರವು ಕೂಲಿಯನ್ನು ಏರಿಸಿತು. ಮುಂಬಯಿಯಲ್ಲಿಯಾದರೋ ಸರ್ ಫಿಲಿಪ್ ವುಡ್‌ಹೌಸನ ಅಧಿಕಾರವು ಮುಗಿದು 1877ರ ಬೇಸಗೆಯಲ್ಲಿ ಹೊಸ ಗವರ್ನರನು ಬಂದನು. ಆ ಗವರ್ನರನು ಟೆಂಪಲನೇ.

ಕಡಿತದ ಪರಿಣಾಮವು ಕಾಮಗಾರಿಯ ಗುಣಿಯಲ್ಲಿಯೇ ನಿಲ್ಲುವಂತಹದಲ್ಲ. ಬರಗಾಲದಲ್ಲಿ ಸಂತೆಗೆ ಬರುವ ನಾಣ್ಯವು ಬಹುಮಟ್ಟಿಗೆ ಕಾಮಗಾರಿಯ ನಾಣ್ಯವೇ. ಅದು ಕುಗ್ಗಿದರೆ ಉಪ್ಪಿನ ಅಂಗಡಿ, ಕುಂಬಾರನ ಆವಿಗೆ, ನೇಕಾರನ ಮಗ್ಗ ಎಲ್ಲವೂ ಕುಗ್ಗುತ್ತವೆ. ಹೊಟ್ಟೆಗಿಲ್ಲದವನು ಸೀರೆಯನ್ನು ಕೊಳ್ಳುವುದಿಲ್ಲವಾದುದರಿಂದ ನೇಕಾರರಿಗೆ ಎಲ್ಲರಿಗಿಂತ ಮೊದಲು ಬರ ಬಂದು ಎಲ್ಲರಿಗಿಂತ ತಡವಾಗಿ ಹೋಗುತ್ತದೆ. ರಾಣೇಬೆನ್ನೂರಿನಂತಹ ಊರಿಗೆ ಇದು ಸಣ್ಣ ಸಂಗತಿಯಲ್ಲ. ಇನ್ನು ತಳವಾರ, ವಾಲಿಕಾರ, ಶೇತಸನದಿ ಮೊದಲಾದ ಗ್ರಾಮಸೇವಕರು. ಇವರ ವೃತ್ತಿಗಳನ್ನು ಮುಂಬಯಿ ಸರಕಾರವು 1874ರ ವತನು ಕಾಯಿದೆಯಿಂದ ಕಟ್ಟುಮಾಡಿತ್ತು. ಇವರ ಜೀವನವು ಬಹುಮಟ್ಟಿಗೆ ವತನುಭೂಮಿ ಮತ್ತು ರೈತರು ಕಣದಲ್ಲಿ ಕೊಡುವ ಆಯ. ಬೊಕ್ಕಸದ ಪುಸ್ತಕದಲ್ಲಿ ಇವರ ಸಂಬಳವು ಒಂದು ಪೈಯೂ ಕಡಿಮೆಯಾಗಲಿಲ್ಲ, ಏಕೆಂದರೆ ಅಲ್ಲಿ ಇದ್ದುದೇ ಅಲ್ಪ. ಭೂಮಿಯು ಬೆಳೆಯಲಿಲ್ಲ, ಕಣವು ಕೂಡಲಿಲ್ಲ. ನಾಡಿನ ಕಾವಲು, ಹೆಣಗಳ ವಿಲೇವಾರಿ, ಕಚೇರಿಯ ಟಪಾಲು ಮಾತ್ರ ಹೆಚ್ಚಾದುವು. ಇವರ ವತನುಗಳು ಕರ್ನಾಟಕದಲ್ಲಿ ರದ್ದಾದುದು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ.

ಬರವು ಮುಗಿದ ಮೇಲೆ ಪಟ್ಟಣದ ವರ್ತಕರ ಸರದಿ ಬಂದಿತು. ಮುಂದಿನ ಕ್ಷಾಮಗಳಿಗೆ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳ ನಿಧಿಯನ್ನು ಕೂಡಿಸುವೆವೆಂದು ಹೇಳಿ 1878ರಲ್ಲಿ ವ್ಯಾಪಾರಿಗಳ ಮೇಲೆಯೂ ಕಸಬುದಾರರ ಮೇಲೆಯೂ ಲೈಸೆನ್ಸ್ ತೆರಿಗೆಯನ್ನು ಹಾಕಿದರು. ಸೂರತ್ತಿನಲ್ಲಿ ಅದಕ್ಕಾಗಿ ದಂಗೆಯಾಯಿತು. ಆ ವರ್ಷವೇ ಅಫಘಾನಿಸ್ತಾನದ ಯುದ್ಧವು ಹೊತ್ತಿಕೊಂಡಿತು. ನಿಧಿಯ ಹಣವು ಕ್ಷಾಮಕ್ಕೆ ಮೀಸಲಾಗಿ ಉಳಿಯಲಿಲ್ಲ. ಕೂಲಿಯಾಳಿನಿಂದ ಆರು ಪೈಯನ್ನು ಉಳಿಸಿದ ಮಿತವ್ಯಯವು ಕಾಬೂಲಿನ ಹಾದಿಯಲ್ಲಿ ಜ್ಞಾಪಕಕ್ಕೆ ಬಾರದೆ ಹೋಯಿತು. ಇತ್ತ ಧಾರವಾಡದ ಹೊಲಗಳಲ್ಲಿ 1878-79ರಲ್ಲಿ ಇಲಿಗಳು ಹೆಚ್ಚಿ ಪೈರನ್ನು ತಿಂದುವು.

1872ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆಯು 9 ಲಕ್ಷ 88 ಸಾವಿರಕ್ಕೂ ಮೇಲಿದ್ದಿತು, 1881ರಲ್ಲಿ 8,82,907. ನದಿಯಾಚೆ ಮೈಸೂರು ಸಂಸ್ಥಾನದಲ್ಲಿ 1871ರ 50,55,412 ಜನರು 1881ಕ್ಕೆ 41,86,188 ಆದರು. ಈ ವ್ಯತ್ಯಾಸದಲ್ಲಿ ಹಸಿವಿನ ಪಾಲೆಷ್ಟು, ಕಾಲರಾ-ಜ್ವರಗಳ ಪಾಲೆಷ್ಟು, ವಲಸೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಅಸಾಧ್ಯ. ಅರ್ಧ ಆಣೆಯೇ ಇವರೆಲ್ಲರನ್ನು ಕೊಂದಿತೆಂದರೆ ಅತ್ಯುಕ್ತಿ. ಕೃಶವಾದ ದೇಹದಲ್ಲಿ ಜ್ವರವು ಬೇಗ ನೆಲೆಸುತ್ತದೆಂಬುದು ಮಾತ್ರ ವೈದ್ಯರೆಲ್ಲರಿಗೂ ಸಮ್ಮತವಾದುದು.

ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿ, ಕೆಲಸ ಮಾಡುವವನ ಆರೋಗ್ಯಕ್ಕೆ ಸಾಲುವಷ್ಟು ಕೂಲಿಯನ್ನು ಕೊಡಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. 1883ರಲ್ಲಿ ಕ್ಷಾಮಸಂಹಿತೆಯು ಸಿದ್ಧವಾಯಿತು. ಅದೇ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಯಿಂದ ಹೊರಟು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ದಾಟಿ ಹರಿಹರವನ್ನು ಮುಟ್ಟಿತು. ಹತ್ತು ವರ್ಷಗಳ ಹಿಂದೆ ಎತ್ತುಗಳು ಬಿದ್ದು ಸತ್ತಿದ್ದ ಹಾದಿಯ ಪಕ್ಕದಲ್ಲಿ ಧಾನ್ಯದ ಚೀಲಗಳು ಬಂಡಿಯಿಲ್ಲದೆ ಬಂದಿಳಿಯತೊಡಗಿದುವು.